ಮಾಡ್ಯೂಲ್ ಕೆಟ್ಟಿದೆಯೋ, ಮನೆಯೇ ಕೆಟ್ಟಿದೆಯೋ?

ಮೊಬೈಲಿನಿಂದ ದೀಪ ಹಚ್ಚುವ, ಫ್ಯಾನ್ ತಿರುಗಿಸುವ ಸ್ವಿಚ್ ಮಾಡ್ಯೂಲ್‌ಗಳು ಹುಬ್ಬಳ್ಳಿ-ಧಾರವಾಡದ ಮನೆಗಳಲ್ಲಿ ಈಗ ಅಪರೂಪವಲ್ಲ. ಅವುಗಳಲ್ಲಿ ನನ್ನ ರಿಪೇರಿ ಮೇಜಿಗೆ ಬರುವವು ‘ಸತ್ತಿದೆ’ ಎಂಬ ಷರಾ ಹೊತ್ತೇ ಬರುತ್ತವೆ. ಪರೀಕ್ಷಿಸಿದರೆ ಬಹಳಷ್ಟು ಗಟ್ಟಿಮುಟ್ಟಾಗಿಯೇ ಇರುತ್ತವೆ. ದೋಷ ಇರುವುದು ಗೋಡೆಯೊಳಗಿನ ವೈರಿಂಗಿನಲ್ಲಿ. ಹಾಗಾಗಿ ಮಾಡ್ಯೂಲನ್ನು ಬಿಚ್ಚುವ ಮೊದಲು ಅದರ ಜಾಗ ಬದಲಿಸಿ ನೋಡುವುದು ನನ್ನ ಪದ್ಧತಿ.

ಇದಕ್ಕೆಂದೇ ಒಂದು ಪ್ಲೈವುಡ್ ಹಲಗೆ ಮಾಡಿಕೊಂಡಿದ್ದೇನೆ. ಅದರ ಮೇಲೆ ಕರೆಂಟ್ ಮಿತಿ ಮೀರಿದರೆ ತಾನೇ ಕಡಿಯುವ 6 ಆಂಪಿಯರ್‌ನ ಎಂಸಿಬಿ, ಒಂದು ಸ್ವಿಚ್, ತಂತಿ ಕಚ್ಚಿಸುವ ಕನೆಕ್ಟರ್, ಹೋಲ್ಡರಿನಲ್ಲಿ 60 ವ್ಯಾಟಿನ ಹಳೆಯ ಬುರುಡೆ ಬಲ್ಬು. ಸಂಶಯದ ಮಾಡ್ಯೂಲ್ ಹಲಗೆಗೆ ಬರುತ್ತದೆ, ಚೆನ್ನಾಗಿದೆ ಎಂದು ಗೊತ್ತಿರುವ ಇನ್ನೊಂದು ಅದರ ಜಾಗಕ್ಕೆ ಹೋಗುತ್ತದೆ. ತೊಂದರೆ ಮಾಡ್ಯೂಲಿನ ಬೆನ್ನು ಹತ್ತಿ ಬಂತೋ, ಗೋಡೆಯಲ್ಲೇ ಉಳಿಯಿತೋ ಎಂಬುದು ಅಲ್ಲಿಯೇ ತೀರ್ಮಾನವಾಗುತ್ತದೆ. ಬುರುಡೆ ಬಲ್ಬೇ ಏಕೆ ಎಂದು ಹುಡುಗರು ಕೇಳುತ್ತಾರೆ. ಎಲ್‌ಇಡಿ ದೀಪ ತೀರ ಸಣ್ಣ ಸೋರಿಕೆ ಕರೆಂಟಿಗೂ ಮಿಣುಕುತ್ತದೆ. ಡಿಜಿಟಲ್ ಮಲ್ಟಿಮೀಟರ್ ಕೂಡ, ಒಂದೇ ಪೈಪಿನಲ್ಲಿ ಹಾದುಹೋದ ಪಕ್ಕದ ತಂತಿಯ ಪ್ರಭಾವದಿಂದ, ಆಫ್ ಆದ ತಂತಿಯಲ್ಲಿ ಹತ್ತಾರು ವೋಲ್ಟ್ ತೋರಿಸಿಬಿಡುತ್ತದೆ. ಬುರುಡೆ ಬಲ್ಬು ನಿಜವಾದ ಕರೆಂಟ್ ಸಿಗದೆ ಬೆಳಗುವುದಿಲ್ಲ.

ಮಾಳಮಡ್ಡಿ, ಸಪ್ತಾಪುರದ ಹಳೆಯ ಮನೆಗಳಿಂದ ಬರುವ ದೂರು ಬೇರೆಯೇ: ‘ಆಫ್ ಮಾಡಿದರೂ ದೀಪ ಮಂಕಾಗಿ ಉರಿಯುತ್ತದೆ, ಮಾಡ್ಯೂಲ್ ಹೋಗಿದೆ.’ ಹಳೆಯ ವೈರಿಂಗಿನಲ್ಲಿ ನ್ಯೂಟ್ರಲ್, ಅಂದರೆ ಕರೆಂಟ್ ವಾಪಸಾಗುವ ತಂತಿ, ನೇರವಾಗಿ ದೀಪಕ್ಕೆ ಹೋಗುತ್ತದೆ, ಸ್ವಿಚ್ ಪೆಟ್ಟಿಗೆಗೆ ಇಳಿಯುವುದಿಲ್ಲ. ಅಂಥ ಕಡೆ ಹಾಕುವ ನ್ಯೂಟ್ರಲ್ ಬೇಡದ ಮಾಡ್ಯೂಲ್, ತನ್ನ ಹೊಟ್ಟೆಪಾಡಿನ ಕರೆಂಟನ್ನು ದೀಪದ ಮೂಲಕವೇ ಎಳೆದುಕೊಳ್ಳುತ್ತದೆ. 5 ವ್ಯಾಟಿನ ಎಲ್‌ಇಡಿಗೆ ಅಷ್ಟೇ ಸಾಕು, ರಾತ್ರಿಯಿಡೀ ಮಿಣುಕುತ್ತಿರುತ್ತದೆ. ಆ ಕರೆಂಟಿಗೆ ಪಕ್ಕದ ದಾರಿ ಕೊಡಲು ದೀಪಕ್ಕೆ ಸಮಾಂತರವಾಗಿ ಹಾಕಬೇಕಾದ ಸಣ್ಣ ಕೆಪಾಸಿಟರ್ ತುಂಡು ಎಷ್ಟೋ ಸಲ ಡಬ್ಬಿಯೊಳಗೇ ಬಂದಿರುತ್ತದೆ. ಅದನ್ನು ಪ್ಯಾಕಿಂಗ್ ಕಸವೆಂದು ಎಸೆಯುವ ಎಲೆಕ್ಟ್ರಿಷಿಯನ್‌ಗಳ ಮೇಲೆ ನನಗೆ ಹಳೆಯ ಸಿಟ್ಟಿದೆ.

ವೈಫೈ ದೂರುಗಳನ್ನು ಬೇಗ ಮುಗಿಸುತ್ತೇನೆ. ಇಎಸ್‌ಪಿ8266 ಚಿಪ್ ಇರುವ ಮಾಡ್ಯೂಲ್‌ಗಳಿಗೆ 2.4 ಗಿಗಾಹರ್ಟ್ಸ್ ಮಾತ್ರ ಕೇಳಿಸುತ್ತದೆ. ರೂಟರ್ ಬದಲಿಸಿದ ಮರುದಿನವೇ ಮಾಡ್ಯೂಲ್ ‘ಸತ್ತಿದ್ದರೆ’ 2.4 ಬ್ಯಾಂಡ್ ಆನ್ ಇದೆಯೇ ಎಂದು ನೋಡಿದರೆ ಮುಗಿಯಿತು. ದಪ್ಪ ಕಲ್ಲುಗೋಡೆಯಲ್ಲಿ, ಅದರಲ್ಲೂ ಕಬ್ಬಿಣದ ಪೆಟ್ಟಿಗೆಯಲ್ಲಿ ಹುಗಿದ ಮಾಡ್ಯೂಲಿಗೆ ಸಿಗ್ನಲ್ ಸಿಗದಿದ್ದರೆ ಅದು ಅದರ ತಪ್ಪಲ್ಲ.

ನಿಜವಾಗಿ ಕೆಟ್ಟ ಮಾಡ್ಯೂಲ್‌ಗಳಲ್ಲಿ ನನಗೆ ಹೆಚ್ಚು ಕುತೂಹಲ ಹುಟ್ಟಿಸಿದ್ದು ರಿಮೋಟಿನ ಫ್ಯಾನ್-ದೀಪ ಮಾಡ್ಯೂಲ್. ವಿದ್ಯಾನಗರದ ಒಂದು ಫ್ಲ್ಯಾಟಿನಿಂದ ಬಂದಿತ್ತು. ಸುಮ್ಮನಿದ್ದಾಗ ಸರಿ, ರಿಮೋಟ್ ಒತ್ತಿದರೆ ರಿಲೇ (ಕರೆಂಟಿನಿಂದ ಎಳೆಯುವ ಒಳಗಿನ ಸ್ವಿಚ್) ಟಕಟಕ ಎಂದು ಹೊಡೆದುಕೊಂಡು ಎಲ್ಲವೂ ಮೊದಲಿನ ಸ್ಥಿತಿಗೆ ಬರುತ್ತಿತ್ತು. ಹಲಗೆಯ ಮೇಲೂ ಅದೇ ಆಟ. ಅಂದರೆ ದೋಷ ಮಾಡ್ಯೂಲಿನದೇ. ಇಂಥ ಅಗ್ಗದ ಮಾಡ್ಯೂಲ್‌ಗಳಲ್ಲಿ ಟ್ರಾನ್ಸ್‌ಫಾರ್ಮರ್ ಇರುವುದಿಲ್ಲ. 230 ವೋಲ್ಟನ್ನು ಇಳಿಸುವ ಕೆಲಸ ಎಕ್ಸ್2 (ಮನೆಯ ಲೈನಿಗೆ ನೇರ ಜೋಡಿಸಲು ತಕ್ಕ ಸುರಕ್ಷತಾ ದರ್ಜೆ) ಎಂದು ಅಚ್ಚಾದ ಒಂದು ಚೌಕಾಕಾರದ ಕೆಪಾಸಿಟರಿನದು. ನಮ್ಮ 50 ಹರ್ಟ್ಸ್‌ನಲ್ಲಿ ಒಂದು ಮೈಕ್ರೋಫ್ಯಾರಡ್‌ಗೆ ಸುಮಾರು 70 ಮಿಲಿಆಂಪಿಯರ್ ದಾಟುತ್ತದೆ. ಪ್ರತಿ ವೋಲ್ಟೇಜ್ ಪೆಟ್ಟಿಗೂ ಅದರೊಳಗಿನ ಲೋಹದ ಲೇಪ ಚೂರುಚೂರೇ ಸುಟ್ಟು, ಶಾರ್ಟ್ ಆಗದಂತೆ ತನ್ನನ್ನು ತಾನೇ ವಾಸಿಮಾಡಿಕೊಳ್ಳುತ್ತದೆ. ಆದರೆ ಪ್ರತಿ ಸಲವೂ ಸಾಮರ್ಥ್ಯ ಸ್ವಲ್ಪ ಕುಗ್ಗುತ್ತದೆ. ಈ ತುಂಡಿನ ಮೇಲೆ 0.68 ಮೈಕ್ರೋಫ್ಯಾರಡ್ ಎಂದಿತ್ತು, ಮೀಟರಿನಲ್ಲಿ ಅದರ ಅರ್ಧಕ್ಕೂ ಕಡಿಮೆ ಬಂತು. ರಿಸೀವರ್ ಎಚ್ಚರವಾಗಿರಲು ಅಷ್ಟು ಸಾಕು. ರಿಲೇ ಎಳೆದಾಗ ಒಳಗಿನ ವೋಲ್ಟೇಜ್ ಕುಸಿದು ಚಿಪ್ ಮತ್ತೆ ಮೊದಲಿನಿಂದ ಶುರುವಾಗುತ್ತಿತ್ತು. ಅದೇ ಅಳತೆಯ ಎಕ್ಸ್2 ಕೆಪಾಸಿಟರ್ ಬೆಸೆದೆ, ಫ್ಯಾನ್ ತಿರುಗಿತು. ಎಕ್ಸ್2 ಎಂದು ಮತ್ತೆ ಹೇಳುತ್ತೇನೆ: ಆ ಜಾಗಕ್ಕೆ ಸಾಮಾನ್ಯ ಕೆಪಾಸಿಟರ್ ಹಾಕಬಾರದು, ಬೆಂಕಿ ಹತ್ತೀತು. ಇಂಥ ಬೋರ್ಡಿನ ಪ್ರತಿಯೊಂದು ಬಿಂದುವೂ ಮೇನ್ಸ್‌ಗೆ ಅಂಟಿಕೊಂಡೇ ಇರುತ್ತದೆ. ಕರೆಂಟ್ ಇರುವಾಗ ಅದನ್ನು ಮುಟ್ಟಿದರೆ ಜೀವಕ್ಕೆ, ಕಂಪ್ಯೂಟರಿಗೆ ಜೋಡಿಸಿದರೆ ಕಂಪ್ಯೂಟರಿಗೆ ಅಪಾಯ. ಪ್ಲಗ್ ಕಿತ್ತ ಮೇಲೂ ಕೆಪಾಸಿಟರ್ ಖಾಲಿಯಾಗಿದೆಯೇ ಎಂದು ಮೀಟರಿನಲ್ಲಿ ಅಳೆದೇ ನಾನು ಕೈಯಿಡುತ್ತೇನೆ.

ಕೆಲವು ದಿನಗಳಿಗೊಮ್ಮೆ ನಲ್ಲಿ ನೀರು ಬರುವ ಬಡಾವಣೆಗಳಿರುವ ಊರಿದು; ಹಾಗಾಗಿ ಸಂಪಿನಿಂದ ಮೇಲಿನ ಟ್ಯಾಂಕಿಗೆ ನೀರೆತ್ತುವ ಪಂಪಿಗೂ ಜನ ಇದೇ ಮಾಡ್ಯೂಲ್ ಹಾಕುತ್ತಾರೆ. ರಿಲೇ ಮೇಲೆ 10 ಆಂಪಿಯರ್ ಎಂದಿರುತ್ತದೆ, ಆದರೆ ಆ ಲೆಕ್ಕ ಹೀಟರಿನಂಥ ಹೊರೆಗೆ. ಮೋಟರ್ ಶುರುವಾಗುವ ಕ್ಷಣದಲ್ಲಿ ಓಡುವಾಗಿನ ಹಲವು ಪಟ್ಟು ಕರೆಂಟ್ ಎಳೆಯುತ್ತದೆ, ಸಂಪರ್ಕದ ತುದಿಗಳು ಬೆಸೆದುಕೊಳ್ಳುತ್ತವೆ. ಮೊಬೈಲಿನಲ್ಲಿ ‘ಆಫ್’ ಎಂದು ಕಾಣುತ್ತಿದ್ದರೂ ಟ್ಯಾಂಕ್ ತುಂಬಿ ಅಂಗಳಕ್ಕೆ ನೀರು ಹರಿಯುತ್ತಿರುತ್ತದೆ. ಪ್ಲಗ್ ಕಿತ್ತು ರಿಲೇ ತುದಿಗಳ ನಡುವೆ ಅಳೆದರೆ ತೆರೆದಿರಬೇಕಾದದ್ದು ಸೊನ್ನೆ ಓಮ್ ತೋರಿಸುತ್ತದೆ. ರಿಲೇ ಬದಲಿಸಿಕೊಡುತ್ತೇನೆ; ಪಂಪನ್ನು ಕಾಂಟ್ಯಾಕ್ಟರ್ (ಮೋಟರಿನಂಥ ಹೊರೆಗೆ ತಕ್ಕ ದೊಡ್ಡ ರಿಲೇ) ನಡೆಸಬೇಕು, ಮಾಡ್ಯೂಲ್ ಆ ಕಾಂಟ್ಯಾಕ್ಟರಿನ ಸುರುಳಿಯನ್ನಷ್ಟೇ ನಡೆಸಬೇಕು ಎಂಬ ಷರತ್ತಿನ ಮೇಲೆ.

ಹಲಗೆ ಒಂದೇ ಸಲಕ್ಕೆ ಉತ್ತರ ಕೊಡದ ಪ್ರಕರಣ ನವನಗರದ ಒಂದು ತ್ರೀ-ಫೇಸ್ ಮನೆಯದು. ಮೇಲಂತಸ್ತಿನ ಮಾಡ್ಯೂಲ್‌ಗಳು ಒಂದಾದ ಮೇಲೊಂದು ಸತ್ತಿದ್ದವು, ಹಲಗೆಯ ಮೇಲೂ ಸತ್ತೇ ಇದ್ದವು. ಕಂಪನಿಯೇ ಕಳಪೆ ಎಂಬುದು ಮನೆಯವರ ವಾದ. ಹೊಸದು ಹಾಕಿದರೂ ಅದೇ ಗತಿ, ಕೆಳಗಿನ ಅಂತಸ್ತಿನಲ್ಲಿದ್ದ ಅದೇ ಕಂಪನಿಯ ಮಾಡ್ಯೂಲ್‌ಗಳಿಗೆ ಏನೂ ಆಗಿರಲಿಲ್ಲ. ಸಂಜೆ, ಎಲ್ಲ ದೀಪ ಮತ್ತು ಗೀಸರ್ ಉರಿಯುವ ಹೊತ್ತಿಗೆ, ಮೂರೂ ಫೇಸ್‌ಗಳನ್ನು ನ್ಯೂಟ್ರಲ್ ಜೊತೆ ಅಳೆದೆ. ಗೀಸರ್ ಇರುವ ಫೇಸ್ 200ಕ್ಕಿಂತ ಕೆಳಗೆ, ಮೇಲಂತಸ್ತಿನ ಫೇಸ್ 270ರ ಮೇಲೆ. ಡಿಸ್ಟ್ರಿಬ್ಯೂಷನ್ ಬೋರ್ಡಿನ ನ್ಯೂಟ್ರಲ್ ಪಟ್ಟಿಯ ಒಂದು ತಿರುಪು ಸಡಿಲವಾಗಿ ಸುಟ್ಟು ಕಪ್ಪಾಗಿತ್ತು. ನ್ಯೂಟ್ರಲ್ ಹಿಡಿತ ತಪ್ಪಿದಾಗ ಹೊರೆ ಹೆಚ್ಚಿರುವ ಫೇಸ್‌ನಲ್ಲಿ ವೋಲ್ಟೇಜ್ ಕುಸಿದು, ಹೊರೆ ಕಡಿಮೆಯಿರುವ ಫೇಸ್‌ನಲ್ಲಿ ಏರುತ್ತದೆ.

ಪಟ್ಟಿ ಬದಲಾಯಿತು. ಸತ್ತವುಗಳಲ್ಲಿ ಕೆಲವಕ್ಕೆ ವೋಲ್ಟೇಜ್ ಪೆಟ್ಟನ್ನು ಹೀರುವ ವೇರಿಸ್ಟರ್ ಸಿಡಿದು ಫ್ಯೂಸ್ ಹೋಗಿತ್ತಷ್ಟೇ. ಎರಡನ್ನೂ ಬದಲಿಸಿದಾಗ ಎದ್ದು ಕುಳಿತವು. ಉಳಿದವು ಬಿಡಿಭಾಗಗಳ ಡಬ್ಬಿ ಸೇರಿದವು. ಮನೆಯವರು ಸಿಡಿಲು ತಡೆಯುವ ಎಸ್‌ಪಿಡಿ ಹಾಕಿಸಲು ಹೊರಟಿದ್ದರು. ಏಪ್ರಿಲ್-ಮೇ ತಿಂಗಳ ಗುಡುಗು ಮಳೆಗೆ ಅದು ಬೇಕು, ಆದರೆ ಗಂಟೆಗಟ್ಟಲೆ ನಿಲ್ಲುವ 270 ವೋಲ್ಟನ್ನು ಅದು ತಡೆಯುವುದಿಲ್ಲ. ಅದಕ್ಕೆ ಮಿತಿ ಮೀರಿದ ಕೂಡಲೇ ಲೈನ್ ಕಡಿಯುವ ಓವರ್‌ವೋಲ್ಟೇಜ್ ರಿಲೇ ಬೇಕು. ಎರಡನ್ನೂ ಹಾಕಿಸಿದರು.