ಲಕ್ಷ, ಕೋಟಿಗೆ ಸರಿಯಾಗಿ ಕಾಮಾ ಹಾಕೋದು ಹೆಂಗ?

ಬ್ಯಾಡಗಿಯ ದಲಾಲಿ ಅಂಗಡಿಗಳಿಗೆ ನಮ್ಮ ಹುಡುಗರು ಬಿಲ್ಲಿಂಗ್ ಪ್ರೋಗ್ರಾಮ್ ಬರದು ಕೊಡ್ತಾರ, ಎಲ್ಲಾ ಚೊಲೋನ ಇರ್ತೈತಿ, ಕಡೀಗೆ ಟೋಟಲ್ ಮಾತ್ರ 1,234,567 ಅಂತ ಪ್ರಿಂಟ್ ಆಗಿರ್ತೈತಿ. ಮೆಣಸಿನಕಾಯಿ ಮಾರಾಕ ಬಂದಾವ ಇದನ್ನ ಹನ್ನೆರಡು ಲಕ್ಷ ಅಂತ ಹೆಂಗ ಓದಬೇಕ್ರಿ? ನಮಗ ಬೇಕಾಗಿದ್ದು 12,34,567.

ಮೊದಲನೇದು, ಲೆಕ್ಕ ಮುಗಿಯೂತನಕ ಕಾಮಾ ಹಾಕಬ್ಯಾಡ್ರಿ. ಕಾಮಾ ಬಿತ್ತಂದ್ರ ಅದು ಸಂಖ್ಯೆ ಅಲ್ಲ, ಬರೇ ಟೆಕ್ಸ್ಟ್. ಜಾವಾಸ್ಕ್ರಿಪ್ಟ್‌ನ ಟೆಕ್ಸ್ಟನ್ನ ಸಂಖ್ಯೆ ಮಾಡೋ ಪಾರ್ಸ್‌ಇಂಟ್‌ಗೆ (parseInt) "12,34,567" ಕೊಟ್ರ ಸುಮ್ನ 12 ಅಂತ ಕೊಡ್ತೈತಿ, ಎರರ್ ಸುದ್ದಾ ತೋರಸಂಗಿಲ್ಲ. ಪೈಥಾನ್ ವಾಸಿ, ಅಲ್ಲೇ ಎರರ್ ಹೊಡೀತೈತಿ.

ಎರಡನೇದು, ರೆಡಿ ಇದ್ದದ್ದನ್ನ ಬಳಸ್ರಿ. ಜಾವಾಸ್ಕ್ರಿಪ್ಟ್‌ನ್ಯಾಗ ಟುಲೊಕೇಲ್‌ಸ್ಟ್ರಿಂಗ್‌ಗೆ 'en-IN' (ಭಾರತದ ಇಂಗ್ಲಿಷ್ ಪದ್ಧತಿ) ಕೊಟ್ರ ಮುಗೀತು. ಪೈಥಾನ್‌ನ ಎಫ್-ಸ್ಟ್ರಿಂಗ್‌ನ್ಯಾಗ ಕೋಲನ್ ಕಾಮಾ ಹಾಕಿದ್ರ ಮೂರ್‌ಮೂರಕ್ಕ ಕಡೀತೈತಿ, ಉಪಯೋಗಿಲ್ಲ. ಲೊಕೇಲ್ ಮಾಡ್ಯೂಲ್ ಸರಿ ಮಾಡ್ತೈತಿ, ಆದ್ರ ಮಶೀನಿನ್ಯಾಗ ಭಾರತದ ಲೊಕೇಲ್, ಅಂದ್ರ ನಮ್ಮ ದೇಶದಾಗ ಸಂಖ್ಯೆ ಬರಿಯೋ ಪದ್ಧತಿಯ ಸೆಟ್ಟಿಂಗ್, ಇರಬೇಕು. ಜಾವಾದ ಡೆಸಿಮಲ್‌ಫಾರ್ಮ್ಯಾಟ್ ನಂಬಬ್ಯಾಡ್ರಿ, ಪ್ಯಾಟರ್ನ್ #,##,##0 ಅಂತ ಬರದ್ರೂ ಕಡೀ ಗುಂಪಷ್ಟ ನೋಡಿ ಮೂರ್‌ಮೂರಕ್ಕ ಹೊಂಟಬಿಡ್ತೈತಿ. ಅದಕ್ಕ ದೇಶದೇಶದ ಪದ್ಧತಿ ಪ್ರಕಾರ ಸಂಖ್ಯೆ ಬರಿಯೋ ಐಸಿಯು (ICU) ಲೈಬ್ರರಿ ಹಾಕ್ರಿ.

ಮೂರನೇದು, ಇಲ್ಲಾ ನಾ ಕೈಯಿಂದನ ಕೋಡ್ ಬರೀತೀನಿ ಅನ್ನಾವ್ರಿಗೆ. ಎಲ್ಲಾರೂ ಎಡವೋದು ಇಲ್ಲೇ. ಮೊದಲ ಮೈನಸ್ ಚಿಹ್ನೆ ತಗದು ಬಾಜೂಕ ಇಡ್ರಿ, ಬಿಟ್ರ -12345 ಹೋಗಿ -,12,345 ಆಗ್ತೈತಿ. ಆಮ್ಯಾಲ ಪೂರ್ತಿ ಸಂಖ್ಯೆನ ಪೈಸಾದ ಎರಡಂಕಿಗೆ ರೌಂಡ್ ಮಾಡ್ರಿ, ಮಾಡಿದ ಮ್ಯಾಲ ಚುಕ್ಕಿ ಕಡೆ ಒಡೀರಿ. ಉಲ್ಟಾ ಮಾಡಿದ್ರ 99999.999 ಬಂದಾಗ ರೂಪಾಯಿ ಹಂಗ ಉಳದು ಪೈಸಾ 100 ಆಗಿ ಕೂಡ್ತೈತಿ. ಈಗ ರೂಪಾಯಿ ಭಾಗದಾಗ ಬಲಗಡೆ ಮೂರು ಅಂಕಿ ಕಡದು ತಗೀರಿ, ಉಳಿದದ್ದನ್ನ ಎರಡೆರಡು ಕಡೀರಿ, ಅದೂ ಬಲಗಡೆಯಿಂದನ. ಎಡಗಡೆಯಿಂದ ಕಡದ್ರ 123456 ಅನ್ನೋದು 12,3,456 ಆಗ್ತೈತಿ, ಬಲದಿಂದ ಕಡದ್ರ 1,23,456. ಎಲ್ಲಾ ಜೋಡಿಸಿ ಬಾಜೂಕ ಇಟ್ಟಿದ್ದ ಮೈನಸ್ ಮುಂದ ಹಚ್ರಿ. ಇಂಟರ್ನೆಟ್ಟಿನ್ಯಾಗ ಸಿಗೋ ಒಂದು ಲೈನಿನ ರೆಜೆಕ್ಸ್ (ಟೆಕ್ಸ್ಟಿನ್ಯಾಗ ಮಾದರಿ ಹುಡುಕೋ ಕೋಡ್) ಕಾಪಿ ಹೊಡೀಬ್ಯಾಡ್ರಿ, ಬಹುತೇಕ ಅವೆಲ್ಲಾ ಮೂರ್‌ಮೂರರ ಲೆಕ್ಕದ್ದ.

ಟೆಸ್ಟ್‌ಗೆ 0, 999, 1000, 99999, 100000, 10000000 ಹಾಕ್ರಿ, ಒಂದು ಮೈನಸ್ ಸಂಖ್ಯೆನೂ ಹಾಕ್ರಿ.

ಎಕ್ಸೆಲ್‌ಗೆ ಒಂದು ಕಸ್ಟಮ್ ಫಾರ್ಮ್ಯಾಟ್ ತಿರಗಾಡ್ತೈತಿ, ಕೋಟಿಗೊಂದು ಲಕ್ಷಕ್ಕೊಂದು ಕಂಡಿಷನ್ ಇರೋದು, ಅದರಾಗ ಮೈನಸ್ ರೊಕ್ಕ ಮತ್ತ ಮೂರ್‌ಮೂರಕ್ಕ ಬೀಳ್ತೈತಿ. ಅದಕ್ಕಿಂತ ವಿಂಡೋಸ್‌ನ ರೀಜನ್ ಸೆಟ್ಟಿಂಗ್‌ನ್ಯಾಗ ಡಿಜಿಟ್ ಗ್ರೂಪಿಂಗ್ 12,34,56,789 ಮಾಡ್ಕೋರಿ, ಶೀಟ್ ಬ್ಯಾರೇ ಕಂಪ್ಯೂಟರಿಗೆ ಹೋದ್ರ ಅಲ್ಲೂ ಹಂಗ ಬದಲಿ ಮಾಡಬೇಕಾಗ್ತೈತಿ ಅಷ್ಟ.