ಎರಡು ಚೀಟಿ, ಒಂದು ಸಿರಿಂಜ್

ಇಬ್ಬರು ನರ್ಸ್‌ಗಳು ಡೋಸ್ ಲೆಕ್ಕವನ್ನು ಬೇರೆಬೇರೆಯಾಗಿ ಮಾಡಿ ತಾಳೆ ನೋಡುವ ಚೀಟಿಯ ಕಥೆ ಇದು. ಲೆಕ್ಕ ಹೇಗೆ ಮಾಡುವುದು ಅಂತ ಇಲ್ಲಿ ಹೇಳಿಕೊಡುವುದಿಲ್ಲ. ಅದು ಜಿಎನ್‌ಎಂ (ನರ್ಸಿಂಗ್ ಡಿಪ್ಲೊಮಾ) ಮೊದಲ ವರ್ಷದಲ್ಲೇ ಎಲ್ಲರಿಗೂ ಬಾಯಿಪಾಠ ಆಗಿರುತ್ತದೆ. ನನಗೂ ಆಗಿತ್ತು. ಆದರೂ ಹನ್ನೊಂದು ವರ್ಷದ ಕೆಳಗೆ, ಮುಂಬೈಯ ಒಂದು ನರ್ಸಿಂಗ್ ಹೋಮಿನಲ್ಲಿ, ಒಬ್ಬ ಅಜ್ಜಿಗೆ 10 ಯೂನಿಟ್ ಗ್ಲಾರ್ಜಿನ್ ಇನ್ಸುಲಿನ್ ಬದಲು 25 ಯೂನಿಟ್ ಹೋಯಿತು. ವಯಲ್ (ಔಷಧದ ಸೀಸೆ) 100ರದ್ದು, ಅಂದರೆ ಎಂಎಲ್‌ಗೆ 100 ಯೂನಿಟ್, ಮನೆಯವರು ಹೊರಗಿನಿಂದ ತಂದದ್ದು. ಸಿರಿಂಜ್ ನಮ್ಮ ಡ್ರಾಯರಿನ ಕೆಂಪು ಮುಚ್ಚಳದ್ದು, 40ರದ್ದು. ಅದರಲ್ಲಿ ಹತ್ತರ ಗೆರೆ ಅಂದರೆ ಕಾಲು ಎಂಎಲ್, 100ರ ವಯಲಿನಿಂದ ಎಳೆದರೆ 25 ಯೂನಿಟ್. ಬೆಳಗಿನ ಜಾವ ನಾಲ್ಕಕ್ಕೆ ಅಜ್ಜಿ ಬೆವರಿ ತೊಪ್ಪೆ. ಶುಗರ್ 42ಓ 44ಓ. 25 ಡಿ (ಗಟ್ಟಿ ಗ್ಲೂಕೋಸ್) 100 ಎಂಎಲ್ ಕೊಟ್ಟು, 10 ಡಿ ಡ್ರಿಪ್ ಹಚ್ಚಿ, ಮಾರನೇ ರಾತ್ರಿಯ ತನಕ ಗಂಟೆಗೊಮ್ಮೆ ಬೆರಳು ಚುಚ್ಚಿದರು. ಅಜ್ಜಿ ಉಳಿದರು.

ಇಂಜೆಕ್ಷನ್ ಕೊಟ್ಟವಳು ನಾನಲ್ಲ, ಒಬ್ಬ ಜೂನಿಯರ್. ಆದರೆ ಡೋಸ್ ಸರಿ ಇದೆ ಅಂತ ನೋಡಿದವರು ಹಾಕುವ ಎರಡನೇ ಸೈನ್ ನನ್ನದು. ಅವಳು ಸಿರಿಂಜ್ ಎತ್ತಿ ಹಿಡಿದು "ಸಿಸ್ಟರ್, ಹತ್ತು ಅಲ್ವಾ?" ಅಂದಳು. ಹತ್ತರ ಗೆರೆ ನೋಡಿದೆ. "ಹೂಂ" ಅಂದೆ. ಕೊರಿಯರ್‌ನವನಿಗೆ ಸೈನ್ ಹಾಕುತ್ತೇವಲ್ಲ, ಹಾಗೆ ಹಾಕಿಬಿಟ್ಟೆ. ವಯಲ್ ಕೈಗೆ ತೆಗೆದುಕೊಳ್ಳಲೇ ಇಲ್ಲ. ಮೆಮೊ ಅವಳಿಗೆ ಬಂತು, ನನಗೆ ಬರಲಿಲ್ಲ. ಅದು ಇವತ್ತಿಗೂ ಚುಚ್ಚುತ್ತದೆ.

ಆಮೇಲೆ ಕೆಲಸ ಬದಲಾಯಿಸಿದೆ. ಈಗಿರುವುದು ಮುಲುಂಡ್ ಕಡೆ, ಮೂವತ್ತು ಬೆಡ್ಡು, ಅದರಲ್ಲಿ ಐದು ಎನ್‌ಐಸಿಯು (ಹಸುಗೂಸುಗಳ ಐಸಿಯು). ಡೊಂಬಿವಲಿಯಿಂದ ಲೋಕಲ್‌ನಲ್ಲಿ ನಿಂತೇ ಬರುವಾಗ ಇದೇ ಯೋಚನೆ: ಎರಡನೆಯವರು ನಿಜವಾಗಿ ನೋಡುವ ಹಾಗೆ ಮಾಡುವುದು ಹೇಗೆ?

ಮೊದಲು ಬಣ್ಣದ ಟೇಪ್. ಡೋಸ್ ತಪ್ಪಿದರೆ ಜೀವಕ್ಕೇ ಕುತ್ತಾಗುವ ಪೊಟ್ಯಾಸಿಯಮ್, ಹೆಪಾರಿನ್ (ರಕ್ತ ಹೆಪ್ಪುಗಟ್ಟದಂತೆ ತಡೆಯುವುದು), ಮ್ಯಾಗ್‌ಸಲ್ಫ್ (ಮ್ಯಾಗ್ನೀಸಿಯಮ್ ಸಲ್ಫೇಟ್) ಎಲ್ಲದಕ್ಕೂ ಕೆಂಪು ಟೇಪ್ ಸುತ್ತಿದೆ. ನನ್ನ ದುಡ್ಡಿನಲ್ಲಿ ನಾನ್ನೂರರ ಹತ್ತಿರ ಹೋಯಿತು. ಎರಡೇ ವಾರದಲ್ಲಿ ಅದೇ ಟೇಪಿನಿಂದ ಮಾವಶಿ (ಆಯಾ) ಫೈಲ್ ಕಟ್ಟಿದರು, ವಾರ್ಡ್‌ಬಾಯ್ ಸಕ್ಷನ್ ಪೈಪ್ ಸುತ್ತಿದ. ವಾರ್ಡ್ ತುಂಬ ಕೆಂಪು. ಎಲ್ಲವೂ ಅಪಾಯ ಅಂದಮೇಲೆ ಯಾವುದನ್ನು ಯಾರು ನೋಡುತ್ತಾರೆ?

ಆಮೇಲೆ ಎಕ್ಸೆಲ್. ನನ್ನ ತಮ್ಮ ಕುಂದಾಪುರದಲ್ಲಿ ಕುಳಿತು ಮಾಡಿ ಕಳಿಸಿದ. ಮಗುವಿನ ತೂಕ ಹಾಕಿದರೆ ಔಷಧ ಹರಿಸುವ ಪಂಪಿನ ರೇಟ್ ತಾನೇ ಬರುತ್ತದೆ. ತಿಂಗಳೊಪ್ಪತ್ತು ಎಲ್ಲರೂ ಹೊಗಳಿದರು. ಒಂದು ದಿನ ಹೊಸ ಮಗು ಬಂತು, 1.4 ಕೆಜಿ. ಶೀಟಿನಲ್ಲಿ ಹಿಂದಿನ ಮಗುವಿನ 2.6 ಹಾಗೇ ಉಳಿದಿತ್ತು. ಹೃದಯದ ಔಷಧ ಡೊಬ್ಯುಟಮಿನ್ ಹತ್ತಿರ ಹತ್ತಿರ ಎರಡರಷ್ಟು ಓಡಿತು. ಡಾಕ್ಟರ್ ರೌಂಡಿಗೆ ಬಂದು ಪಂಪ್ ನೋಡಿ ಕೂಗಿದಾಗಲೇ ಗೊತ್ತಾದದ್ದು, ಹತ್ತು ಹದಿನೈದು ನಿಮಿಷ ಆಗಿತ್ತು. ಕಂಪ್ಯೂಟರ್ ಹೇಳಿದೆ ಅಂದಮೇಲೆ ನಾಲ್ಕು ಜನ ನೋಡಿದರೂ ಒಬ್ಬರಿಗೂ ಅನುಮಾನ ಬರಲಿಲ್ಲ. ಆ ನಾಲ್ವರಲ್ಲಿ ನಾನೂ ಒಬ್ಬಳು. ಶೀಟ್ ಅವತ್ತೇ ಡಿಲೀಟ್ ಮಾಡಿದೆ. ತಮ್ಮನಿಗೆ ಇನ್ನೂ ಸಿಟ್ಟಿದೆ.

ಈ ಎರಡು ಸೋಲಿನ ಮೇಲೆ ಚೀಟಿ ಹುಟ್ಟಿತು. ಮೊದಲನೆಯವರು ತಮ್ಮ ಚೀಟಿಯಲ್ಲಿ ಇವತ್ತಿನ ತೂಕ, ಆರ್ಡರ್, ವಯಲ್ ಮೇಲೆ ಬರೆದ ಸ್ಟ್ರೆಂತ್ (ಎಷ್ಟು ಎಂಎಲ್‌ಗೆ ಎಷ್ಟು ಔಷಧ), ಕೊನೆಗೆ ಎಷ್ಟು ಎಂಎಲ್ ಅಂತ ಬರೆಯುತ್ತಾರೆ. ಚೀಟಿ ಬೋರಲು ಹಾಕುತ್ತಾರೆ. ಎರಡನೆಯವರಿಗೆ ಕೊಡುವುದು ವಯಲ್ ಮತ್ತು ಕೇಸ್ ಪೇಪರ್ ಮಾತ್ರ. ಉತ್ತರ ಕೊಡಬಾರದು, ಬಾಯಿಬಿಡಬಾರದು, ಸಿರಿಂಜ್ ತೋರಿಸಬಾರದು. ಅವರು ಬೆನ್ನು ತಿರುಗಿಸಿ ತಮ್ಮ ಚೀಟಿ ಬರೆಯುತ್ತಾರೆ. ಆಮೇಲೆ ಎರಡೂ ಒಟ್ಟಿಗೆ ಮಗುಚುವುದು. ಹೊಂದಿದರೆ ಲೋಡ್. ಹೊಂದದಿದ್ದರೆ "ನೀನು ಹೇಗೆ ಮಾಡಿದೆ?" ಅಂತ ಕೇಳುವ ಹಾಗಿಲ್ಲ. ಕೇಳಿದರೆ ಸೀನಿಯರ್ ಗೆಲ್ಲುತ್ತಾರೆ, ಅಷ್ಟೇ. ಎರಡೂ ಹರಿದು ಮೊದಲಿನಿಂದ.

ಇನ್‌ಚಾರ್ಜ್ ಸಿಸ್ಟರ್ ನಕ್ಕರು. "ಇದೇನು ಪರೀಕ್ಷೆ ಹಾಲಾ?" ಅಂದರು. ಆರ್‌ಎಂಒ (ಡ್ಯೂಟಿ ಡಾಕ್ಟರ್) "ಟೈಮ್ ವೇಸ್ಟ್" ಅಂದ. ಅವರದ್ದೂ ತಪ್ಪಲ್ಲ. ಶುರುವಿನಲ್ಲಿ ನಾನು ಹುಚ್ಚಿಯ ಹಾಗೆ ಎಲ್ಲ ಔಷಧಕ್ಕೂ ಮಾಡಿಸಿದೆ, ಅಸಿಡಿಟಿಯ ಪ್ಯಾಂಟೊಪ್ರಜೋಲ್‌ಗೂ. ನಾಲ್ಕೇ ದಿನ ನಡೆಯಿತು. ಐದನೇ ದಿನ ಎರಡೂ ಚೀಟಿ ಒಂದೇ ಕೈಬರಹದಲ್ಲಿ ಬಂದವು. ಆಗ ಪಟ್ಟಿ ಕಡಿಮೆ ಮಾಡಿದೆ: ಇನ್ಸುಲಿನ್, ಹೆಪಾರಿನ್, ಪೊಟ್ಯಾಸಿಯಮ್, ಮ್ಯಾಗ್‌ಸಲ್ಫ್, ಪಂಪಿನಲ್ಲಿ ಓಡುವುದೆಲ್ಲ, ಮತ್ತೆ 10 ಕೆಜಿಯೊಳಗಿನ ಮಕ್ಕಳ ಯಾವುದೇ ಇಂಜೆಕ್ಷನ್. ಹೆಪಾರಿನ್ ಯಾಕೆ ಅಂತ ಕೇಳಬೇಡಿ. ಎಂಎಲ್‌ಗೆ 1000 ಯೂನಿಟ್‌ನದ್ದೂ 5 ಎಂಎಲ್ ವಯಲ್, 5000ದ್ದೂ 5 ಎಂಎಲ್ ವಯಲ್. ರಾತ್ರಿ ಮೂರಕ್ಕೆ ಕೂದಲೆಳೆಯಷ್ಟು ವ್ಯತ್ಯಾಸವೂ ಕಾಣುವುದಿಲ್ಲ.

ಖರ್ಚು ಹೇಳುತ್ತೇನೆ. ಒಂದು ಬದಿ ಪ್ರಿಂಟ್ ಆದ ಹಳೇ ಕಾಗದ, ಒಂದರಲ್ಲಿ ಎಂಟು ಚೀಟಿ. ಸ್ಟೇಷನ್ ಹತ್ತಿರದ ಝೆರಾಕ್ಸ್ ಅಂಗಡಿಯವನು ಕತ್ತರಿಸಿಕೊಡಲು ತಿಂಗಳಿಗೆ ಅರವತ್ತೋ ಎಪ್ಪತ್ತೋ ತೆಗೆದುಕೊಳ್ಳುತ್ತಾನೆ. ಕ್ಯಾಲ್ಕ್ಯುಲೇಟರ್ ಎರಡು, ಒಂದಕ್ಕೆ 180. ಮೊದಲನೆಯದು ವಾರದಲ್ಲೇ ಮಾಯ. ಇನ್ನೊಂದನ್ನು ರೋಲರ್ ಬ್ಯಾಂಡೇಜಿನಿಂದ ಟ್ರಾಲಿಗೆ ಕಟ್ಟಿದೆ, ಇನ್ನೂ ಅಲ್ಲೇ ಇದೆ. ಮೊದಲ ಆರು ತಿಂಗಳಿಗೆ ಎಲ್ಲ ಸೇರಿ ಸಾವಿರದ ಒಳಗೇ. ಎರಡೇ ವಾರಕ್ಕೆ ನಾನ್ನೂರು ನುಂಗಿದ ಟೇಪಿಗಿಂತ ಅಗ್ಗ ಅಲ್ವಾ?

ಮರಾಠಿ ಲೆಕ್ಕ ಇನ್ನೊಂದು ಕಿರಿಕಿರಿ. ಊರಿಂದ ಹೊಸದಾಗಿ ಬಂದ ನಮ್ಮ ಹುಡುಗಿಯರಿಗೆ ತೀನ್ ಗೊತ್ತಿರುತ್ತದೆ. ಸಾಡೇತೀನ್ ಅಂದರೆ ಮೂರೂವರೆ, ಪಾವಣೇತೀನ್ ಅಂದರೆ ಎರಡೂಮುಕ್ಕಾಲು. ಅವರ ಕಿವಿಗೆ ಬೀಳುವುದು ಮೂರರಲ್ಲೂ ಬರೀ "ತೀನ್". ದೀಡ್ ಅಂದರೆ ಒಂದೂವರೆ, ದೀಡ್‌ಶೇ ಅಂದರೆ ನೂರೈವತ್ತು. ಫೋನಿನಲ್ಲಿ ಕೊನೆಯ "ಶೇ" ನುಂಗಿಹೋದರೆ ಮುಗಿಯಿತು. ಹಾಗಾಗಿ ಫೋನ್ ಆರ್ಡರ್ ಬಂದರೆ ಒಂದೊಂದೇ ಅಂಕಿ ಬಿಡಿಸಿ ವಾಪಸ್ ಓದುವುದು. "ಒನ್ ಪಾಯಿಂಟ್ ಫೈವ್, ಬರೋಬರ್?" ಡಾಕ್ಟರ್ ರೇಗಿದರೆ ರೇಗಲಿ.

ಡ್ರಿಪ್ಪಿನ ಮೇಲೂ ಒಂದು ಪ್ರಯೋಗ ಮಾಡಿದ್ದೆ, ಸುಮ್ನೆ ಕುತೂಹಲಕ್ಕೆ. ಸೆಟ್ ಮೇಲೆ 20 ಹನಿಗೆ 1 ಎಂಎಲ್ ಅಂತ ಇರುತ್ತದೆ. ಗಂಟೆಗೆ ಎಷ್ಟು ಎಂಎಲ್ ಬೇಕೋ ಅದನ್ನು ಮೂರರಿಂದ ಭಾಗಿಸಿದರೆ ನಿಮಿಷದ ಹನಿ. 500ರ ಬಾಟಲ್ ನಾಲ್ಕು ಗಂಟೆಗೆ ಅಂದರೆ 42. ನಾವೆಲ್ಲ ಮಾಡುವುದು ಇದೇ. 10 ಎಂಎಲ್ ಸಿರಿಂಜಿನ ಪ್ಲಂಜರ್ ತೆಗೆದು, ತುದಿಗೆ ಮುಚ್ಚಳ ಹಾಕಿ, ಅದರೊಳಗೆ ಹನಿ ಬಿಟ್ಟು ಎಣಿಸಿದೆ. ಮೂರು ಕಂಪನಿಯ ಸೆಟ್. 5 ಎಂಎಲ್‌ಗೆ ನೂರು ಹನಿ ಬರಬೇಕು. ಒಂದರಲ್ಲಿ 97, ಒಂದರಲ್ಲಿ 103ರ ಆಸುಪಾಸು, ಇನ್ನೊಂದರಲ್ಲಿ 76. ಕೊನೆಯದರ ಕವರ್ ಹುಡುಕಿ ನೋಡಿದರೆ ಅದು 15 ಹನಿಯ ಸೆಟ್! ಸ್ಟೋರಿನವರು ಎರಡನ್ನೂ ಒಂದೇ ಡಬ್ಬದಲ್ಲಿ ತುಂಬಿದ್ದರು. ಅಲ್ಲಿಗೆ ನಾಲ್ಕರಿಂದ ಭಾಗಿಸಬೇಕಾದಲ್ಲಿ ನಾವು ಎಷ್ಟು ದಿನದಿಂದ ಮೂರರಿಂದ ಭಾಗಿಸುತ್ತಿದ್ದೆವೋ ದೇವರಿಗೇ ಗೊತ್ತು. ಇನ್‌ಚಾರ್ಜ್ ಸಿಸ್ಟರ್ ಮೊದಲ ಸಲ ನನ್ನ ಮಾತಿಗೆ ನಗದೆ ಕೂತದ್ದು ಅವತ್ತು.

ಇನ್ನು ಅಮಿಕಾಸಿನ್ (ಒಂದು ಆಂಟಿಬಯಾಟಿಕ್) ರಾತ್ರಿ. ಜೋರು ಮಳೆ, ಲೋಕಲ್ ನಿಂತಿತ್ತು, ರಿಲೀವರ್ ಬರಲಿಲ್ಲ. ನಾನು ಮತ್ತು ಇಂಡಿ ಕಡೆಯ ಒಬ್ಬ ಬ್ರದರ್ (ಗಂಡು ನರ್ಸ್), ಇಬ್ಬರಿಗೂ ಎರಡನೇ ಶಿಫ್ಟ್. ಮಗು 1.8 ಕೆಜಿ, ಕೆಜಿಗೆ 15, ಅಂದರೆ 27 ಎಂಜಿ. ನಮ್ಮಲ್ಲಿ ಯಾವಾಗಲೂ 100 ಎಂಜಿ 2 ಎಂಎಲ್‌ನ ವಯಲ್. ಕಣ್ಣುಮುಚ್ಚಿ ಹೇಳಬಹುದು, 0.54. ಬರೆದು ಬೋರಲು ಹಾಕಿದೆ. ವಯಲ್ ಅವರ ಕೈಗೆ ಕೊಟ್ಟೆ. ಅವರು ಹಣೆಗೆ ಟಾರ್ಚ್ ಕಟ್ಟಿಕೊಂಡವರ ಹಾಗೆ ಅದನ್ನು ತಿರುಗಿಸಿ ತಿರುಗಿಸಿ ಓದಿದರು. "ಮುಗೀತೇನ್ರಿ ಬ್ರದರ್?" ಅಂದರೆ "ತಡೀರಿ ಅಕ್ಕಾರ, ಗಡಿಬಿಡಿ ಮಾಡಬ್ಯಾಡ್ರಿ" ಅಂದರು. ಮಗುಚಿದೆವು. ನನ್ನದು 0.54. ಅವರದ್ದು 0.22.

ಫಾರ್ಮಸಿ ಅವತ್ತು 250ರ ವಯಲ್ ಕಳಿಸಿತ್ತು. ಅದೂ 2 ಎಂಎಲ್ಲೇ. ನಾನು ಸ್ಟ್ರೆಂತ್ ಓದಿರಲಿಲ್ಲ, ಅಭ್ಯಾಸದಿಂದ ಬರೆದಿದ್ದೆ. ನನ್ನದೇ ಚೀಟಿ, ನನ್ನದೇ ನಿಯಮ, ತಪ್ಪಿದವಳೂ ನಾನೇ. ಹೋಗಿದ್ದರೆ ಆ ಕೂಸಿಗೆ ಎರಡೂವರೆ ಪಟ್ಟು, ಅಜ್ಜಿಗೆ ಹೋದ ಲೆಕ್ಕವೇ. ಕಿಡ್ನಿ, ಕಿವಿ ಎರಡಕ್ಕೂ ಏಟು ಬೀಳುವ ಔಷಧ. ಎರಡೂ ಚೀಟಿ ಹರಿದು ಹೊಸದಾಗಿ ಬರೆದೆವು, ಎರಡರಲ್ಲೂ 0.22 ಬಂತು. ಹರಿದದ್ದಕ್ಕೆ ಟೇಪ್ ಅಂಟಿಸಿ ಬೆಳಿಗ್ಗೆ ರೌಂಡಿಗೆ ಬಂದ ದೊಡ್ಡ ಡಾಕ್ಟರ್ ಮುಂದೆ ಇಟ್ಟೆ, ಪಕ್ಕದಲ್ಲಿ ವಯಲ್. ಅವರು ಏನೂ ಅನ್ನಲಿಲ್ಲ. ಮುಂದಿನ ತಿಂಗಳಿಂದ ಚೀಟಿ ದುಡ್ಡು ಆಫೀಸಿನಿಂದ ಬಂತು.

ಆಮೇಲೆ ಮೂರು ನಾಲ್ಕು ತಿಂಗಳು ಹೊಂದದ ಚೀಟಿಗಳನ್ನು ಬಿಸ್ಕತ್ ಡಬ್ಬದಲ್ಲಿ ಕೂಡಿಟ್ಟೆ. ಮೂವತ್ತು ಮೂವತ್ತೈದು ಜೋಡಿ ಇದ್ದವು. ಹೆಚ್ಚಿನವು ಸಣ್ಣಪುಟ್ಟ ಲೆಕ್ಕದ ತಪ್ಪು. ಎಂಟೋ ಒಂಬತ್ತೋ ನಿಜವಾಗಿ ಭಯಪಡುವಂಥವು. ಅದರಲ್ಲಿ ಅರ್ಧಕ್ಕರ್ಧ ಸೀನಿಯರ್‌ಗಳವೇ. ಜೂನಿಯರ್ ಹೆದರಿಕೆಯಿಂದ ಓದುತ್ತಾಳೆ, ನಾವು ಓದುವುದಿಲ್ಲ.

ಪೆನ್ನು ಹಿಡಿಯುವ ಮೊದಲು ಕಣ್ಣಳತೆಯನ್ನೂ ಸೇರಿಸಿದ್ದೇನೆ. "ಒಂದು ಎಂಎಲ್ ಒಳಗಾ, ಹೊರಗಾ?" ಅಂತ ತನಗೆ ತಾನೇ ಹೇಳಿಕೊಳ್ಳುವುದು. ಒಂದು ಡೋಸಿಗೆ ಎರಡಕ್ಕಿಂತ ಜಾಸ್ತಿ ಆಂಪ್ಯೂಲ್ ಒಡೆಯಬೇಕಾಗಿ ಬಂದರೆ ಕೈ ನಿಲ್ಲಬೇಕು.  ಬಿಪಿ ಏರಿಸುವ ನೊರಾಡ್‌ಗೆ (ನೊರಾಡ್ರಿನಲಿನ್) ನನ್ನದೇ ಒಂದು ಶಾರ್ಟ್‌ಕಟ್ ಇದೆ. ಅದು ಬರೆಯುವುದಿಲ್ಲ. ಬರೆದರೆ ಅದೊಂದನ್ನೇ ಹಿಡಿದುಕೊಂಡು ಚೀಟಿ ಬಿಡುತ್ತೀರಿ. ಸೋಮಾರಿ ಸೀನಿಯರ್ ಕೈಯಲ್ಲಿ ಚೀಟಿ ಬರೆಸುವ ಉಪಾಯವೂ ನನ್ನ ಹತ್ತಿರವೇ ಇರಲಿ, ಅವರೂ ಓದುತ್ತಾರೆ.

ಒಬ್ಬಳೇ ಡ್ಯೂಟಿ ಇದ್ದಾಗ? ಒಂದು ಚೀಟಿ ಬರೆದು ಬೋರಲು ಹಾಕಿ, ಬೇರೆ ಬೆಡ್ಡಿನ ಬಿಪಿ ನೋಡಿಕೊಂಡು ಬಂದು, ವಯಲ್ ಮತ್ತೆ ಓದಿ ಎರಡನೆಯದು ಬರೆಯುತ್ತೇನೆ. ವಯಲಿನ ಫೋಟೋ ಆರ್‌ಎಂಒಗೆ ಕಳಿಸುತ್ತೇನೆ. ಇನ್ನೊಬ್ಬರು ಇದ್ದಷ್ಟು ಗಟ್ಟಿಯಲ್ಲ.

ಇಂಡಿಯ ಬ್ರದರ್ ಈಗ ಪುಣೆಗೆ ಹೋಗಿದ್ದಾರೆ. ಹೋಗುವಾಗ ಒಂದು ಕಟ್ಟು ಖಾಲಿ ಚೀಟಿ ಕೇಳಿ ತೆಗೆದುಕೊಂಡು ಹೋದರು. ಫಾರ್ಮಸಿ ಮಾತ್ರ ಈಗಲೂ ಆಗಾಗ 250ರ ವಯಲ್ ಕಳಿಸುತ್ತದೆ. ವಾಪಸ್ ಕಳಿಸಿದರೆ ಬೇರೆ ಸ್ಟಾಕ್ ಇಲ್ಲ ಅನ್ನುತ್ತಾರೆ. ನಿನ್ನೆಯೂ ಎರಡು ಬಂದಿವೆ, ಕೆಳಗಿನ ಡ್ರಾಯರಿನಲ್ಲಿ ಬೇರೆಯಾಗಿ ಇಟ್ಟಿದ್ದೇನೆ.