ಮಗ್ಗದ ಓಣಿಯ ಪುಕ್ಕಟೆ ಬಾಲವಾಡಿ: ಮೂರನೇ ಸಲಕ್ಕೆ ಕೈಹಿಡಿಯಿತು

ಬಾಗಲಕೋಟೆ ಜಿಲ್ಲೆಯ ಗುಳೇದಗುಡ್ಡದ ನಮ್ಮ ನೇಕಾರರ ಓಣಿಯ ಏಳು ಮನೆಗಳಲ್ಲಿ ಈಗ ಬೆಳಿಗ್ಗೆ 10ರಿಂದ 1ರವರೆಗೆ ಬಾಲವಾಡಿ ನಡೆಯುತ್ತದೆ. ಹೆಚ್ಚೂಕಡಿಮೆ 50 ಹುಡುಗರು. ಆ ಮೂರು ತಾಸಿಗೆ ತಾಯಂದಿರು ಒಂದು ಪೈಸಾ ಕೊಡುವುದಿಲ್ಲ. ‘ಅಂಗನವಾಡಿ ಇರೂವಾಗ ಇದ್ಯಾಕ ಬೇಕ್ರಿ ಅಕ್ಕಾರ?’ ಅಂದವರೇ ಈಗ ಮೊಮ್ಮಕ್ಕಳ ಹೆಸರು ಬರೆಸಲು ಬರುತ್ತಾರೆ.

ಮೊದಲ ವರ್ಷ ನಾನೂ ಎಲ್ಲರಂತೆ ಒಂದು ಹಾಲ್ ಬಾಡಿಗೆಗೆ ಹಿಡಿದೆ. ಡಿಪಾಜಿಟ್ಟು, ಚಾಪೆ, ಬಣ್ಣ ಅಂತ 22 ಸಾವಿರ ಹೋಯಿತು. ಒಂಬತ್ತು ದಿನ ಹುಡುಗರು ಬಂದರು, ಆಮೇಲೆ ಉಳಿದವರು ನಾಲ್ಕು. ಒಂದು ಗಂಟೆಗೆ ಮಗ್ಗ ಬಿಟ್ಟು ಕೂಸನ್ನು ಕರೆದೊಯ್ಯಲು ಯಾವ ತಾಯಿ ಬಂದಾಳು? ಇನ್ನು ಓಣಿಯಲ್ಲಿ ದಿನವಿಡೀ ಹುಡುಗರನ್ನು ನೋಡಿಕೊಳ್ಳುವ ಅಜ್ಜಿಯರಂತೂ ‘ನಮ್ಮ ಹೊಟ್ಟಿ ಮ್ಯಾಲೆ ಹೊಡದ್ರಿ’ ಅಂತ ಮನೆ ಮುಂದೆ ಬಂದು ನಿಂತರು. ಅವರಿಗೆ ಒಂದು ಕೂಸಿಗೆ ತಿಂಗಳಿಗೆ 500 ಸಿಗುತ್ತಿತ್ತು.

ಅಲ್ಲೇ ಬುದ್ಧಿ ಬಂತು. ಹುಡುಗರನ್ನು ಎಳೆಯುವುದು ಬಿಟ್ಟು ಪಾಠವನ್ನೇ ಅಜ್ಜಿಯರ ಪಡಸಾಲೆಗೆ ಒಯ್ದೆ. ಹಾಜರಿ ಲೆಕ್ಕದಲ್ಲಿ ಕೂಸಿಗೆ ದಿನಕ್ಕೆ 15 ರೂಪಾಯಿ ಅಂತ ಮಾತಾಯಿತು. ಡಿಸೆಂಬರ್‌ವರೆಗೆ ಸುಸೂತ್ರ. ಬನದ ಹುಣ್ಣಿಮೆ ಬಂತು ನೋಡಿ, ಬನಶಂಕರಿ ಜಾತ್ರೆಗೆ ಓಣಿಯೇ ಖಾಲಿ. ಎರಡು ಸಾವಿರದ ಮೇಲೆ ಎಣಿಸುತ್ತಿದ್ದವರ ಕೈಗೆ ಆ ತಿಂಗಳು 800–900 ಬಂತು. ಇಬ್ಬರು ಬಿಟ್ಟೇ ಹೋದರು. ತಪ್ಪು ನನ್ನದೇ: ಹುಡುಗರು ಬರಲಿ ಬಿಡಲಿ, ಅಜ್ಜಿಯ ಹೊತ್ತು ಹೋಗೇ ಹೋಗುತ್ತದಲ್ಲ?

ಈಗ ಮನೆಗೆ ತಿಂಗಳಿಗೆ 2,000 ಖಾಯಂ. ಒಂದು ಜಾಗ ಖಾಲಿ ಬಿದ್ದರೆ ಎರಡು ತಿಂಗಳು ಕಾಯುತ್ತೇವೆ, ಆಮೇಲೆ ಪಕ್ಕದ ಓಣಿಯ ಕೂಸು. ಮಧ್ಯಾಹ್ನದ ಮೇಲಿನ ಹೊತ್ತಿಗೆ ತಾಯಂದಿರು ಒಂದು ಕೂಸಿಗೆ ತಿಂಗಳಿಗೆ 250 ಅಜ್ಜಿಗೆ ಕೊಡುತ್ತಾರೆ. ಏಳು ಕೂಸು ಇದ್ದರೆ ಅಜ್ಜಿಗೆ ಮೊದಲಿನ 3,500ರ ಬದಲು 3,750. ಒಟ್ಟು ಖರ್ಚು ತಿಂಗಳಿಗೆ 15–16 ಸಾವಿರ. ಅರ್ಧ ನಮ್ಮ ಸಂಘದ ಬಡ್ಡಿಯಿಂದ, ಅರ್ಧ ಖಣದ (ಇಲ್ಲಿ ನೇಯುವ ರವಿಕೆ ಬಟ್ಟೆ) ವ್ಯಾಪಾರಸ್ಥರಿಂದ. ಅವರನ್ನು ಹೇಗೆ ಒಪ್ಪಿಸಿದೆ ಎಂಬುದನ್ನು ಮಾತ್ರ ಬರೆಯಲಾರೆ, ಮುಂದಿನ ವರ್ಷವೂ ಕೇಳಬೇಕಲ್ಲ!

ಅಂಗನವಾಡಿ ಟೀಚರಿಗೆ ತಮ್ಮ ಹಾಜರಿ ಬೀಳುತ್ತದೆಂಬ ಅಂಜಿಕೆ ಇತ್ತು. ಅದಕ್ಕೆ ಎಲ್ಲರ ಹೆಸರೂ ಅವರ ರಿಜಿಸ್ಟರಿನಲ್ಲೇ ಇಟ್ಟೆವು. ವಾರಕ್ಕೆ ಎರಡು ದಿನ ಅಜ್ಜಿಯರೇ ಹುಡುಗರನ್ನು ಸಾಲು ಹಿಡಿಸಿ ಅಲ್ಲಿಗೆ ಕರೆದೊಯ್ಯುತ್ತಾರೆ: ತೂಕ, ಹಾಲು, ಮೊಟ್ಟೆ ಎಲ್ಲ ಅಲ್ಲೇ. ಅಂಗನವಾಡಿಯ ಪಾಠಕ್ರಮ ‘ಚಿಲಿಪಿಲಿ’ಯಲ್ಲಿ ಟೀಚರು ಯಾವ ವಿಷಯ ನಡೆಸುತ್ತಾರೋ ನಮ್ಮಲ್ಲೂ ಅದೇ.

ನಡುವೆ ಒಂದಿಷ್ಟು ಹುಚ್ಚಾಟವೂ ಆಯಿತು. ಮೊಬೈಲಿನಲ್ಲಿ ಹಾಡು ಹಾಕಿ ನೋಡಿದೆ, ಫೋನ್ ಕಸಿದುಕೊಂಡರೆ ಅಳು, ವಾರಕ್ಕೇ ನಿಲ್ಲಿಸಿದೆ. ಅದೇ ಮಗ್ಗದ ನೂಲು ಸುತ್ತುವ ಖಾಲಿ ಕಂಡಿಕೆ ಕೊಟ್ಟರೆ ಹತ್ತರವರೆಗೆ ಎಣಿಸಿ ಸಾಲಾಗಿ ನಿಲ್ಲಿಸುತ್ತಾರೆ. ಖಣದ ಕತ್ತರಿಚೂರು ಹರವಿದರೆ ತೇರಿನ ಚಿತ್ತಾರದ್ದು ಒಂದು ಕಡೆ, ಆನೆಹೆಜ್ಜೆ ಚಿತ್ತಾರದ್ದು ಒಂದು ಕಡೆ ಮಾಡುತ್ತಾರೆ. ನಾಲ್ಕು ವರ್ಷದ ಒಬ್ಬಳು ಚೂರು ತಿರುವಿ ‘ಇದು ಉಲ್ಟಾ ಐತಿ’ ಅಂದಳು. ನನಗೇ ಗೊತ್ತಾಗಿರಲಿಲ್ಲ.

ಎಂಟನೇ ಮನೆಯವರು ಕೇಳುತ್ತಿದ್ದಾರೆ. ಪಡಸಾಲೆ ದೊಡ್ಡದು, ಆದರೆ ನಟ್ಟನಡುವೆ ಕುಣಿಮಗ್ಗದ ಕುಣಿ, ಅಂದರೆ ನೇಕಾರ ಕಾಲು ಇಳಿಬಿಟ್ಟು ಕೂಡುವ ತಗ್ಗು, ಬಾಯಿ ತೆರೆದಿದೆ. ಹಲಗೆ ಮುಚ್ಚಿಸಲು ಬಡಿಗೇರ 1,200 ಕೇಳಿದ್ದಾನೆ. ಅದು ಆಗುವವರೆಗೆ ಒಂದು ಕೂಸನ್ನೂ ಕೂಡ್ರಿಸುವುದಿಲ್ಲ ಅಂದಿದ್ದೇನೆ.